ಪಂಚಗಂಗಾ ಎಕ್ಸ್‌ಪ್ರೆಸ್: ಮನೆಮಂದಿಯೆಲ್ಲ ವಾರಾಂತ್ಯಕ್ಕೆ ಬೆಂಗಳೂರಿಗೆ ಹೋಗಲು ಹೇಗಿದೆ?

ಶುಕ್ರವಾರ ಸಂಜೆ ಹೊರಟು ಸೋಮವಾರ ಬೆಳಿಗ್ಗೆ ಮನೆ ಸೇರಬೇಕು. ನಡುವೆ ಎರಡು ಹಗಲು ಬೆಂಗಳೂರಿನಲ್ಲಿ ಸಿಗಬೇಕು. ಮಕ್ಕಳೂ ದಣಿಯಬಾರದು, ಅಜ್ಜ ಅಜ್ಜಿಯೂ ದಣಿಯಬಾರದು. ಇಷ್ಟೂ ಒಟ್ಟಿಗೆ ಬೇಕೆಂದರೆ ಕಾರವಾರ, ಅಂಕೋಲಾ, ಕುಮಟಾ, ಭಟ್ಕಳದ ಕಡೆಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್‌ಗಿಂತ ಒಳ್ಳೆಯ ದಾರಿ ಸದ್ಯಕ್ಕಿಲ್ಲ. ಹೋಗುವಾಗ 16596, ಬರುವಾಗ 16595. ದಿನವೂ ಓಡುವ ರಾತ್ರಿ ರೈಲು. ಆದರೆ ಟಿಕೆಟ್ ಎಂದು ತೆಗೆಯುತ್ತೀರಿ, ಯಾವ ಬರ್ತ್ ಹಿಡಿಯುತ್ತೀರಿ, ಬೆಂಗಳೂರಿನಲ್ಲಿ ಎಲ್ಲಿ ಇಳಿಯುತ್ತೀರಿ ಎಂಬುದರ ಮೇಲೆ ಇದು ಸುಖದ ಪ್ರಯಾಣವೋ ಪೇಚಾಟವೋ ಎಂಬುದು ನಿಂತಿದೆ.

ಮೊದಲು ಇದು ಬಸ್ಸು, ಕಾರಿಗಿಂತ ಯಾಕೆ ಮೇಲು ಅನ್ನುವುದನ್ನು ನೋಡೋಣ. ಕಾರವಾರದಿಂದ ಯಲ್ಲಾಪುರ, ಹುಬ್ಬಳ್ಳಿ ಮಾರ್ಗವಾಗಿ ಬೆಂಗಳೂರು ಸುಮಾರು 520 ಕಿಲೋಮೀಟರ್. ಕಾರಿನಲ್ಲಿ ಊಟ ತಿಂಡಿಯ ನಿಲುಗಡೆ ಸೇರಿ ಒಂದು ಹಗಲು ಪೂರ್ತಿ ಬೇಕು. ಹೋಗಲು ಒಂದು, ಬರಲು ಒಂದು ಎಂದಾದರೆ ವಾರಾಂತ್ಯವೇ ಮುಗಿಯಿತು. ಸ್ಲೀಪರ್ ಬಸ್ಸು ಬೆಳಗಾಗುವಷ್ಟರಲ್ಲಿ ಮೆಜೆಸ್ಟಿಕ್ ಮುಟ್ಟಿಸುತ್ತದೆ, ವೇಗದಲ್ಲಿ ರೈಲನ್ನು ಸೋಲಿಸುತ್ತದೆ, ನಿಜ. ಆದರೆ ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ, ಮಲಗಿಕೊಂಡು ಆ ತಿರುವುಗಳನ್ನು ಹತ್ತುವಾಗ ವಾಂತಿ ಮಾಡುವ ಮಕ್ಕಳು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರು ರಾತ್ರಿ ಎರಡು ಮೂರು ಸಲ ಏಳಬೇಕು, ಬಸ್ಸಿನಲ್ಲಿ ಅದಕ್ಕೆ ಡ್ರೈವರನ್ನು ಕೇಳಿಕೊಂಡು ನಿಲ್ಲಿಸಬೇಕು. ರೈಲು ಗೆಲ್ಲುವುದು ಈ ಎರಡು ಕಾರಣಕ್ಕೆ.

ಖರ್ಚೇ ಮುಖ್ಯ ಎನ್ನುವವರಿಗೆ ಬಸ್ಸಿನಲ್ಲೂ ಒಂದು ದಾರಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ರಾತ್ರಿಯಿಡೀ ಕುಳಿತೇ ಹೋಗಬೇಕು. ಹುಡುಗಿಯರ ಗುಂಪಿಗೆ ಅಡ್ಡಿಯಿಲ್ಲ, ಮಕ್ಕಳು ಮುದುಕರನ್ನು ಕಟ್ಟಿಕೊಂಡು ಹೋಗುವವರಿಗೆ ನಾವು ಹೇಳುವುದಿಲ್ಲ.

ರೈಲು ಕಾರವಾರದಿಂದ ಸಂಜೆ 6ರ ಹೊತ್ತಿಗೆ ಹೊರಡುತ್ತದೆ. ಕುಮಟಾಕ್ಕೆ ಏಳರ ಸುಮಾರು, ಭಟ್ಕಳಕ್ಕೆ ಎಂಟರ ಆಸುಪಾಸು. ಉಡುಪಿ ದಾಟಿದ ಮೇಲೆ ಮಂಗಳೂರು ಊರೊಳಗೆ ಹೋಗದೆ ಪಡೀಲಿನ ಬೈಪಾಸ್ ಹಿಡಿದು ಬಂಟ್ವಾಳ, ಪುತ್ತೂರು, ಸುಬ್ರಹ್ಮಣ್ಯ ರೋಡ್, ಸಕಲೇಶಪುರ, ಹಾಸನ, ಕುಣಿಗಲ್ ಮೂಲಕ ಬೆಂಗಳೂರು ಸೇರುತ್ತದೆ. ಈ ರೈಲಿನ ದೊಡ್ಡ ಲಾಭ ಇರುವುದೇ ಪಡೀಲಿನಲ್ಲಿ. ಮಂಗಳೂರು ಸೆಂಟ್ರಲ್‌ಗೆ ಹೋಗುವ ರೈಲು ಅಲ್ಲಿ ಎಂಜಿನ್ ತಿರುಗಿಸಿ ಹಿಂದಕ್ಕೆ ಬರಬೇಕು, ಅದಕ್ಕೇ ಸಾಕಷ್ಟು ಹೊತ್ತು ಹೋಗುತ್ತದೆ. ಮುರ್ಡೇಶ್ವರದಿಂದ ಮೈಸೂರು ಮೇಲೆ ಬೆಂಗಳೂರಿಗೆ ಹೋಗುವ ಇನ್ನೊಂದು ರೈಲಿದೆ. ಅದು ಮಂಗಳೂರನ್ನೂ ಮೈಸೂರನ್ನೂ ಸುತ್ತಿ, ಕೊನೆಗೆ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಇಳಿಸುತ್ತದೆ. ಮೈಸೂರು ನೋಡುವುದಿದ್ದರೆ ಸರಿ, ಎರಡೇ ದಿನದ ಬೆಂಗಳೂರಿಗೆ ಅದು ಬೇಡ.

ಘಟ್ಟ ನೋಡಬಹುದು ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿಲೋಮೀಟರ್, 57 ಸುರಂಗ, 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ಹಾದಿ, ಇದೆಲ್ಲ ನಡುರಾತ್ರಿಯ ಕತ್ತಲಲ್ಲಿ ದಾಟಿಹೋಗುತ್ತದೆ. ರೈಲು ಅಲ್ಲಿ ಆಮೆನಡಿಗೆಯಲ್ಲೇ ಹೋಗಬೇಕು. ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಹಚ್ಚಲು ಸುಬ್ರಹ್ಮಣ್ಯದಲ್ಲಿ ನಿಲ್ಲುತ್ತದೆ, ಆಗ ಬೋಗಿ ಒಂದೆರಡು ಸಲ ಜಗ್ಗಿದರೆ ಗಾಬರಿ ಬೇಡ.

ಇನ್ನು ಟಿಕೆಟ್ಟು. ಜನ ಎಡವುವುದೆಲ್ಲ ಇಲ್ಲೇ. 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹೊರಡುವ ದಿನವನ್ನು ಬಿಟ್ಟು ಹಿಂದಕ್ಕೆ 60 ಎಣಿಸಿ. ಲೆಕ್ಕ ಹಾಕಿದರೆ ಶುಕ್ರವಾರದ ಟಿಕೆಟ್ ಯಾವಾಗಲೂ ಒಂದು ಸೋಮವಾರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಭಾನುವಾರದ ವಾಪಸು ಟಿಕೆಟ್ ಅದೇ ವಾರದ ಬುಧವಾರ. ಹಲವರು ಸೋಮವಾರ ಹೋಗುವ ಟಿಕೆಟ್ ತೆಗೆದು ನಿರಾಳವಾಗಿ, ವಾಪಸಿನದು ವಾರಾಂತ್ಯದಲ್ಲಿ ನೋಡಿದರಾಯಿತು ಎಂದು ಬಿಡುತ್ತಾರೆ. ಭಾನುವಾರ ಸಂಜೆ ಬೆಂಗಳೂರು ಬಿಡುವ ಬರ್ತ್‌ಗಳಿಗೇ ನೂಕುನುಗ್ಗಲು, ಏಕೆಂದರೆ ವಾರಾಂತ್ಯಕ್ಕೆ ಅಲ್ಲಿಗೆ ಹೋದವರು, ಅಲ್ಲಿಂದ ಇತ್ತ ಬರುವವರು ಎಲ್ಲ ಒಂದೇ ರೈಲಿಗೆ ಬೀಳುತ್ತಾರೆ. ಆದ್ದರಿಂದ ಬುಧವಾರವನ್ನು ಸೋಮವಾರಕ್ಕಿಂತ ಗಟ್ಟಿಯಾಗಿ ನೆನಪಿಡಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿ ದೃಢೀಕರಿಸಿಕೊಳ್ಳುವ ಕೆಲಸ ವಾರ ಮೊದಲೇ ಮುಗಿದಿರಲಿ. ಬುಕಿಂಗ್ ತೆರೆದ ಕೂಡಲೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯುವುದು ಈಗ ಹಾಗೆ ಜೋಡಿಸಿಕೊಂಡವರಿಗೆ ಮಾತ್ರ. ತತ್ಕಾಲ್‌ಗಂತೂ ಅದಿಲ್ಲದೆ ಆಗುವುದೇ ಇಲ್ಲ.

ಕುಮಟಾ, ಹೊನ್ನಾವರದಿಂದ ಹುಡುಕಿದಾಗ ವೇಟಿಂಗ್ ತೋರಿಸಿದರೆ ಅಲ್ಲಿಗೇ ಬಿಡಬೇಡಿ. ಅದೇ ರೈಲನ್ನು ಕಾರವಾರದಿಂದ ಬೆಂಗಳೂರಿಗೆ ಎಂದು ಹುಡುಕಿ. ನಡುವಿನ ನಿಲ್ದಾಣಗಳಿಗೆ ಬರ್ತ್ ಕೋಟಾ ಬೇರೆ ಇರಬಹುದು, ಹೊರಡುವ ನಿಲ್ದಾಣದ ಕೋಟಾ ದೊಡ್ಡದು. ಇಷ್ಟು ದೂರದ ಟಿಕೆಟ್ಟಿನಲ್ಲಿ ದರದ ವ್ಯತ್ಯಾಸ ಸಣ್ಣದು. ಬುಕ್ ಮಾಡುವಾಗಲೇ ಬೋರ್ಡಿಂಗ್ ನಿಲ್ದಾಣ ಕುಮಟಾ ಎಂದು ಆರಿಸಿ. ಇದನ್ನು ಮರೆತರೆ ಕಾರವಾರದಲ್ಲಿ ನೀವು ಹತ್ತಲಿಲ್ಲ ಎಂದು ಟಿಕೆಟ್ ನೋಡುವ ಟಿಟಿಇ ಬರ್ತನ್ನು ಆರ್‌ಎಸಿಯವರಿಗೆ (ಪೂರ್ತಿ ಬರ್ತ್ ಸಿಗದೆ ಸೀಟು ಮಾತ್ರ ಸಿಕ್ಕವರಿಗೆ) ಕೊಟ್ಟುಬಿಡಬಹುದು, ಅವರದ್ದು ತಪ್ಪೂ ಅಲ್ಲ. ಒಮ್ಮೆ ಬೋರ್ಡಿಂಗ್ ಬದಲಿಸಿದ ಮೇಲೆ ಹಿಂದಿನ ನಿಲ್ದಾಣದಲ್ಲಿ ಹತ್ತುವ ಹಕ್ಕು ಹೋಗುತ್ತದೆ ಎನ್ನುವುದೂ ತಿಳಿದಿರಲಿ.

ಬರ್ತ್ ಸಂಖ್ಯೆಯನ್ನು ಓದಲು ಒಂದು ಸುಲಭ ಲೆಕ್ಕ. ಸ್ಲೀಪರ್ ಮತ್ತು ಮೂರು ಟಯರ್ ಎಸಿಯಲ್ಲಿ ಸಂಖ್ಯೆಯನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಮತ್ತು 5 ನಡುವಿನದು, 3 ಮತ್ತು 6 ಮೇಲಿನದು, 7 ಬದಿಯ ಕೆಳಗಿನದು, ಶೇಷವಿಲ್ಲದಿದ್ದರೆ ಬದಿಯ ಮೇಲಿನದು. ಎರಡು ಟಯರ್ ಎಸಿಗೆ 6ರಿಂದ ಭಾಗಿಸಬೇಕು: 1 ಮತ್ತು 3 ಕೆಳಗೆ, 2 ಮತ್ತು 4 ಮೇಲೆ, 5 ಬದಿಯ ಕೆಳಗೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟ್ಟಿಗೆ ಕೆಳಗಿನ ಬರ್ತ್‌ನ ಪ್ರತ್ಯೇಕ ಕೋಟಾ ಸಿಗುತ್ತದೆ. ಮನೆಯವರೆಲ್ಲರ ಹೆಸರು ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ. ಹಾಗಾಗಿ ಅಜ್ಜ ಅಜ್ಜಿಯ ಟಿಕೆಟ್ ಬೇರೆಯೇ ತೆಗೆಯುವುದು ಜಾಣತನ. ಬೋಗಿ ಬೇರೆ ಬೇರೆ ಬಂದೀತು ಎಂಬುದೊಂದೇ ತೊಡಕು, ಮೊಣಕಾಲು ನೋವಿನವರಿಗೆ ಅದು ನಡುವಿನ ಬರ್ತ್ ಹತ್ತುವುದಕ್ಕಿಂತ ಸಾವಿರ ಪಾಲು ವಾಸಿ.

5 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. 5ರಿಂದ 12ರೊಳಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ. ಅರ್ಧ ಟಿಕೆಟ್ ತೆಗೆದು ತಾಯಿ ಪಕ್ಕದಲ್ಲಿ ಮಲಗಿಸುವ ಯೋಚನೆ ಹಗಲು ಪ್ರಯಾಣಕ್ಕೆ ಸರಿ. ಹದಿನಾಲ್ಕು ತಾಸಿನ ರಾತ್ರಿ ರೈಲಿನಲ್ಲಿ ಏಳೆಂಟು ವರ್ಷದ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡರೆ ಇಬ್ಬರಿಗೂ ನಿದ್ದೆಯಿಲ್ಲ, ಶನಿವಾರವೆಲ್ಲ ಅದರ ರಗಳೆ. ಪೂರ್ತಿ ಬರ್ತ್ ತೆಗೆಯಿರಿ.

ಸ್ಲೀಪರೋ, ಎಸಿಯೋ? ಮೂರು ಟಯರ್ ಎಸಿ ದರ ಸ್ಲೀಪರಿನ ಎರಡೂವರೆ ಪಟ್ಟಿಗೂ ತುಸು ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಆ ಹಣ ಕೊಡಬಹುದು, ಸಂಜೆ ಉಡುಪಿ ದಾಟುವವರೆಗೂ ಕರಾವಳಿಯ ಸೆಕೆ ಬೋಗಿಯೊಳಗೇ ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸ್ಲೀಪರ್ ಧಾರಾಳವಾಗಿ ಸಾಕು, ಆದರೆ ಹೊದಿಕೆ ನಿಮ್ಮದೇ ಆಗಬೇಕು. ನಮ್ಮ ಕಡೆಯವರು ಇಲ್ಲಿ ಸೋತುಬಿಡುತ್ತಾರೆ. ಕಾರವಾರದಲ್ಲಿ ಬೆವರು ಒರೆಸಿಕೊಂಡು ಹತ್ತಿದವರಿಗೆ ಸ್ವೆಟರ್ ನೆನಪಾಗುವುದಿಲ್ಲ. ಸಕಲೇಶಪುರದ ಹೊತ್ತಿಗೆ ಕಿಟಕಿಯ ಸಂದಿಯಿಂದ ಚಳಿ ಕೊರೆಯುತ್ತದೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಒಬ್ಬೊಬ್ಬರಿಗೂ ಒಂದು ಹತ್ತಿ ಹೊದಿಕೆ, ಮಕ್ಕಳಿಗೆ ಕಿವಿ ಮುಚ್ಚುವ ಟೊಪ್ಪಿ ಇರಲಿ. ಎಸಿಯಲ್ಲಿ ಹಾಸು ಹೊದಿಕೆ ಕೊಡುತ್ತಾರೆ.

ಊಟ ಕಟ್ಟಿಕೊಂಡೇ ಹತ್ತಿ, ರೈಲಿನೊಳಗೆ ಸಿಗುತ್ತದೆಂದು ನಂಬಿ ಕೂರಬೇಡಿ. ಚಪಾತಿ, ಒಣ ಪಲ್ಯ, ಚಟ್ನಿಪುಡಿ, ಹುಳಿ ಹಾಕಿದ ಚಿತ್ರಾನ್ನ ಇಷ್ಟು ಸಾಕು. ಮೊಸರನ್ನ ಬೇಕಾದರೆ ಅನ್ನಕ್ಕೆ ಹಾಲು ಹಾಕಿ ಒಂದೇ ಚಮಚ ಮೊಸರು ಬೆರೆಸಿ, ರಾತ್ರಿ ಒಂಬತ್ತಕ್ಕೆ ಹದವಾಗಿರುತ್ತದೆ. ತೆಂಗಿನಕಾಯಿ ಚಟ್ನಿ ಸೆಕೆಗೆ ಹಳಸುತ್ತದೆ, ಮೀನು ಪಕ್ಕದವರಿಗೆ ಕಷ್ಟ, ಎರಡೂ ಬೇಡ. ಬೆಳಗಿನ ಮಟ್ಟಿಗೆ ಬಾಳೆಹಣ್ಣು, ಅವಲಕ್ಕಿ ಒಗ್ಗರಣೆ ಇಟ್ಟುಕೊಂಡರೆ ರೈಲು ತಡವಾದರೂ ಮಕ್ಕಳು ಹಸಿದು ಅಳುವುದಿಲ್ಲ. ನಡುವಿನ ಬರ್ತ್ ಬಿಚ್ಚಲು ರಾತ್ರಿ 10ರಿಂದ ಬೆಳಿಗ್ಗೆ 6ರ ನಿಯಮವಿದೆ, ಆದ್ದರಿಂದ ಕುಂದಾಪುರದೊಳಗೆ ಊಟ ಮುಗಿಸಿದರೆ ಎಲ್ಲರಿಗೂ ನೆಟ್ಟಗೆ ಕೂರಲು ಜಾಗ. ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪ್ಲಗ್ ಆಫ್ ಆಗಿರುತ್ತದೆ. ಫೋನ್ ತುಂಬಿಸುವುದಿದ್ದರೆ ಮೊದಲೇ ತುಂಬಿಸಿ.

ಕಾರವಾರದ ನಿಲ್ದಾಣ ಇರುವುದು ಶಿರವಾಡದಲ್ಲಿ, ಪೇಟೆಗೆ ದೂರ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಹೊರಡುವವರು ಚೀಲವನ್ನು ಗುರುವಾರ ರಾತ್ರಿಯೇ ಕಟ್ಟಿಡಬೇಕು, ರಿಕ್ಷಾವನ್ನು ಮೊದಲೇ ಹೇಳಿಟ್ಟಿರಬೇಕು. ಐದೂವರೆಗೆ ಪ್ಲಾಟ್‌ಫಾರ್ಮಿನಲ್ಲಿ ಇದ್ದರೆ ನಿರಾಳ. ಉಳಿದ ನಿಲ್ದಾಣಗಳಲ್ಲಿ ನಿಲುಗಡೆ ಒಂದೆರಡು ನಿಮಿಷ ಮಾತ್ರ. ಬೋಗಿ ಎಲ್ಲಿ ಬರುತ್ತದೆ ಎಂದು ಮೊದಲೇ ವಿಚಾರಿಸಿ ಆ ಜಾಗದಲ್ಲಿ ನಿಲ್ಲಿ. ಮೊದಲು ಒಬ್ಬ ದೊಡ್ಡವರು ಹತ್ತಲಿ, ಆಮೇಲೆ ಮಕ್ಕಳು, ಹಿರಿಯರು, ಕೊನೆಗೆ ಚೀಲಗಳು. ಚೀಲ ಮೊದಲು ಎಸೆದರೆ ಬಾಗಿಲೇ ಕಟ್ಟಿಹೋಗುತ್ತದೆ.

ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಬೆಂಗಳೂರು. ಯಶವಂತಪುರದಲ್ಲಿ ಇಳಿಯಬೇಕೋ, ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದವರೆಗೆ ಹೋಗಬೇಕೋ ಎಂಬುದನ್ನು ನೀವು ಉಳಿಯುವ ಜಾಗ ತೀರ್ಮಾನಿಸುತ್ತದೆ. ಮಲ್ಲೇಶ್ವರ, ರಾಜಾಜಿನಗರ, ಪೀಣ್ಯದ ನೆಂಟರ ಮನೆಯಾದರೆ ಯಶವಂತಪುರವೇ ಸರಿ, ಅಲ್ಲಿಯೇ ಹಸಿರು ಮಾರ್ಗದ ಮೆಟ್ರೋ ಇದೆ. ಲಾಡ್ಜ್ ಹಿಡಿಯುವವರು ಕೆಎಸ್‌ಆರ್‌ನಲ್ಲೇ ಇಳಿಯಿರಿ. ನಮ್ಮ ಅಭಿಪ್ರಾಯದಲ್ಲಿ ಕುಟುಂಬಕ್ಕೆ ಉಳಿಯಲು ಮೆಟ್ರೋ ನಿಲ್ದಾಣದಿಂದ ನಡೆದುಹೋಗುವ ಯಾವ ಜಾಗವಾದರೂ ಆದೀತು, ಅದಿಲ್ಲದೆ ಕೋಣೆ ಎಷ್ಟು ಅಗ್ಗವಾದರೂ ಲಾಭವಿಲ್ಲ. ಎರಡು ಹಗಲಿನಲ್ಲಿ ಟ್ರಾಫಿಕ್ಕಿಗೆ ಕೊಡಲು ಹೊತ್ತಿರುವುದಿಲ್ಲ. ಸ್ನಾನ ಮಾಡಿ ಒಂದಷ್ಟು ಹೊತ್ತು ಮೈ ಚಾಚಿದರೆ ಸಾಕು ಎನ್ನುವವರಿಗೆ ಕೆಎಸ್‌ಆರ್‌ನಲ್ಲೇ ರೈಲ್ವೆಯ ವಿಶ್ರಾಂತಿ ಕೊಠಡಿಗಳಿವೆ, ಟಿಕೆಟ್ಟಿನ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಬಹುದು.

ಮೆಟ್ರೋದಲ್ಲಿ ಒಬ್ಬರು 15 ಕಿಲೋ ತೂಕದ, 60–45–25 ಸೆಂಟಿಮೀಟರ್ ಅಳತೆಯೊಳಗಿನ ಚೀಲ ಒಯ್ಯಬಹುದು. ಅದಕ್ಕಿಂತ ದೊಡ್ಡ ಸೂಟ್‌ಕೇಸಿಗೆ ಬೇರೆ ಟಿಕೆಟ್ ಕೇಳುತ್ತಾರೆ. ಒಂದು ದೊಡ್ಡದರ ಬದಲು ಎರಡು ಸಣ್ಣ ಚೀಲ ಕಟ್ಟುವುದು ರೈಲಿಗೂ ಮೆಟ್ರೋಗೂ ಅನುಕೂಲ. 2025ರ ಫೆಬ್ರವರಿಯ ಏರಿಕೆಯ ನಂತರ ಮೆಟ್ರೋ ದರ ದೂರಕ್ಕೆ ತಕ್ಕಂತೆ 10 ರೂಪಾಯಿಯಿಂದ 90 ರೂಪಾಯಿವರೆಗಾಗಿತ್ತು. ಐದಾರು ಮಂದಿ ಹತ್ತಿರದ ದೂರಕ್ಕೆ ಹೋಗುವುದಾದರೆ ಮೀಟರ್ ರಿಕ್ಷಾವೇ ಅಗ್ಗವಾಗಬಹುದು: 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರೈಲು ನಿಲ್ದಾಣದ ಬಾಗಿಲಲ್ಲಿ ಮೀಟರ್ ಹಾಕಲು ಒಪ್ಪುವವರು ಕಡಿಮೆ, ನಮ್ಮ ಯಾತ್ರಿಯಂಥ ಆ್ಯಪ್‌ನಲ್ಲಿ ಕರೆಯಿರಿ.

ನೋಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ. ಶನಿವಾರ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಮತ್ತು ಅದಕ್ಕೆ ತಾಗಿದ ಕಬ್ಬನ್ ಪಾರ್ಕ್. ರೈಟ್ ಸಹೋದರರ ಕಿಟಿ ಹಾಕ್ ವಿಮಾನದ ಪೂರ್ಣ ಗಾತ್ರದ ಮಾದರಿ, ಕೈಯಿಂದ ತಿರುಗಿಸಿ ನೋಡುವ ಯಂತ್ರಗಳು, ಮಕ್ಕಳಿಗೆ ಮೂರು ತಾಸು ಸಾಲದು. ಭಾನುವಾರ ಲಾಲ್‌ಬಾಗ್. 240 ಎಕರೆ, ಹೈದರಾಲಿಯ ಕಾಲದಲ್ಲಿ ಶುರುವಾದ ತೋಟ, 1889ರ ಗಾಜಿನ ಮನೆ. ಬಿಸಿಲೇರುವ ಮೊದಲು ಹೋಗಬೇಕು, ಆದರೆ ಭಾನುವಾರ ಮೆಟ್ರೋ ಬೆಳಿಗ್ಗೆ 7ಕ್ಕೆ ಶುರು, ಅದಕ್ಕೂ ಮೊದಲು ಹೊರಡುವವರಿಗೆ ರಿಕ್ಷಾವೇ ಗತಿ. ಜನವರಿ 26, ಆಗಸ್ಟ್ 15ರ ಫಲಪುಷ್ಪ ಪ್ರದರ್ಶನದ ವಾರಾಂತ್ಯದಲ್ಲಿ ಸಣ್ಣ ಮಕ್ಕಳನ್ನು ಕರೆದೊಯ್ಯುವುದಾದರೆ ಬೆಳಗಿನ ಹೊತ್ತೇ ಇರಲಿ, ಮಧ್ಯಾಹ್ನದ ಮೇಲೆ ಜನಜಂಗುಳಿ. ತೋಟದ ಬಳಿಯ ಎಂಟಿಆರ್‌ಗೆ ಸೋಮವಾರ ರಜೆ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ, ಅಂದರೆ ವಾರಾಂತ್ಯಕ್ಕೆ ಎರಡೂ ಸಿಗುತ್ತವೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರವೇ ರಜೆ, ಅಲ್ಲಿಗೆ ಹೋಗುವುದಿದ್ದರೆ ಶನಿವಾರ.

ಭಾನುವಾರ ಮಧ್ಯಾಹ್ನ ಕೋಣೆ ಖಾಲಿ ಮಾಡಿದ ಮೇಲೆ ಚೀಲ ಎಲ್ಲಿ ಇಡುವುದು? ಕೆಎಸ್‌ಆರ್ ನಿಲ್ದಾಣದ ಕ್ಲೋಕ್ ರೂಮಿನಲ್ಲಿ. ಚೀಲಕ್ಕೆ ಬೀಗ ಇರಲೇಬೇಕು, ರೈಲಿನ ಟಿಕೆಟ್ ತೋರಿಸಬೇಕು. ಜಿಪ್‌ಗೆ ಬೀಗವಿಲ್ಲದ ಕೈಚೀಲ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸಣ್ಣ ಬೀಗಗಳನ್ನು ಮನೆಯಿಂದಲೇ ತನ್ನಿ. ವಾಪಸು ರೈಲು ಸಂಜೆ 6.50ಕ್ಕೆ. ಐದೂವರೆಗೇ ಮೆಜೆಸ್ಟಿಕ್ ತಲುಪುವ ಹಾಗೆ ಲೆಕ್ಕ ಹಾಕಿ: ಮೆಟ್ರೋದಿಂದ ರೈಲು ನಿಲ್ದಾಣಕ್ಕೆ ನಡಿಗೆ, ಕ್ಲೋಕ್ ರೂಮಿನ ಸಾಲು, ರಾತ್ರಿಯ ಊಟ ಕಟ್ಟಿಸಿಕೊಳ್ಳುವುದು, ಮೇಲ್ಸೇತುವೆ, ಇವಕ್ಕೆಲ್ಲ ಒಂದು ತಾಸು ಬೇಕೇ ಬೇಕು.

ಈ ರೈಲಿನ ನಿಜವಾದ ಕೊರತೆ ಸೋಮವಾರ ಬೆಳಿಗ್ಗೆ ಕಾಣುತ್ತದೆ. ಕುಮಟಾಕ್ಕೆ ಏಳರ ಆಸುಪಾಸು, ಕಾರವಾರಕ್ಕೆ ಎಂಟೂವರೆಯ ಹೊತ್ತು. ಭಟ್ಕಳ, ಕುಮಟಾದ ಮಕ್ಕಳು ಶಾಲೆಗೆ ಹೋಗಿಯಾರು, ಕಾರವಾರದ ಮಕ್ಕಳಿಗೆ ಮೊದಲ ಒಂದೆರಡು ತರಗತಿ ಹೋಯಿತೆಂದೇ ತಿಳಿಯಿರಿ. ಕೊಂಕಣ ರೈಲು ಮಾರ್ಗ ನಮ್ಮ ಜಿಲ್ಲೆಯಲ್ಲಿ ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಒಂದು ನಿಲ್ದಾಣದಲ್ಲಿ ನಿಂತರೆ ಮುಂದಿನ ಎಲ್ಲ ನಿಲ್ದಾಣಗಳಿಗೂ ತಡ. ಕಾರವಾರ ಒಂದು ತಾಸು ಬೇಗ ಮುಟ್ಟುವ ಹಾಗೆ ವೇಳಾಪಟ್ಟಿ ಬದಲಾದರೆ ಈ ಭಾಗದ ನೌಕರರಿಗೂ ಶಾಲೆ ಮಕ್ಕಳಿಗೂ ದೊಡ್ಡ ಉಪಕಾರ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೊಂಕಣ ರೈಲ್ವೆಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ, ವೇಗಕ್ಕೆ ಮಿತಿ. ಹೊರಡುವ ಹೊತ್ತನ್ನು ಮತ್ತೊಮ್ಮೆ ನೋಡಿಕೊಳ್ಳಲೇಬೇಕು. ಘಟ್ಟದ ಹಾದಿ 2018ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈ ಕೊನೆಯಲ್ಲಿ ಭೂಕುಸಿತದಿಂದ ಮುಚ್ಚಿತ್ತು. ಅದೇ 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ನಿಂತಿತು. ಜುಲೈ, ಆಗಸ್ಟ್‌ನಲ್ಲಿ ಕುಟುಂಬದ ಪ್ರವಾಸ ಇಟ್ಟುಕೊಳ್ಳದಿರುವುದೇ ಒಳ್ಳೆಯದು, ಹೋಗಲೇಬೇಕಾದರೆ ಮುಂಗಡ ವಾಪಸು ಕೊಡುವ ಲಾಡ್ಜನ್ನೇ ಹಿಡಿಯಿರಿ. ರೈಲ್ವೆಯೇ ರೈಲು ರದ್ದು ಮಾಡಿದರೆ ಟಿಕೆಟ್ ಹಣ ಪೂರ್ತಿ ಬರುತ್ತದೆ. ಮೂರು ತಾಸಿಗಿಂತ ಹೆಚ್ಚು ತಡವಾಗಿ ನೀವು ಹೋಗದಿರಲು ನಿರ್ಧರಿಸಿದರೆ, ನಿಮ್ಮ ನಿಲ್ದಾಣದಿಂದ ರೈಲು ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸು ಕೇಳುವ ಅರ್ಜಿ, ಸಲ್ಲಿಸಬೇಕು. ಆಮೇಲೆ ಸಲ್ಲಿಸಿದರೆ ಹಣವಿಲ್ಲ. ದೃಢವಾದ ತತ್ಕಾಲ್ ಟಿಕೆಟ್ಟನ್ನು ನೀವಾಗಿಯೇ ರದ್ದು ಮಾಡಿದರೆ ಏನೂ ಬರುವುದಿಲ್ಲ.

ಶಿರಸಿ, ಸಿದ್ದಾಪುರದವರಿಗೆ ಈ ರೈಲು ಹೊಂದುವುದು ಕಷ್ಟ. ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್ ಘಟ್ಟ ಇಳಿದು, ಮತ್ತೆ ರಾತ್ರಿಯಿಡೀ ಇನ್ನೊಂದು ಘಟ್ಟ ಹತ್ತುವುದರಲ್ಲಿ ಅರ್ಥವಿಲ್ಲ. ಹಾವೇರಿ ಮಾರ್ಗದ ರಾತ್ರಿ ಬಸ್ಸು, ಇಲ್ಲವೇ ಸಿದ್ದಾಪುರದ ಕಡೆಯವರಾದರೆ ತಾಳಗುಪ್ಪದಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲು ಇವರಿಗೆ ಸರಿಯಾದದ್ದು. ವಾಪಸು ಬರುವಾಗ ಮಾತ್ರ ಪಂಚಗಂಗಾದಲ್ಲಿ ಕುಮಟಾಕ್ಕೆ ಬಂದು ಶಿರಸಿ ಬಸ್ಸು ಹಿಡಿಯುವವರಿದ್ದಾರೆ. ಹಾಗೆ ಬರುವವರು ರಾತ್ರಿ ಮಲಗುವ ಮೊದಲು ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಕುಮಟಾಕ್ಕೆ ಎಚ್ಚರಿಸುವ ಸೇವೆ ಹಾಕಿಸಿಕೊಳ್ಳಿ. ಹೊನ್ನಾವರದಲ್ಲಿ ರೈಲು ನಿಂತಾಗಲೇ ಚೀಲಗಳನ್ನು ಬಾಗಿಲ ಬಳಿ ತಂದು, ಮಕ್ಕಳಿಗೆ ಚಪ್ಪಲಿ ಹಾಕಿಸಿ ಕೂರಿಸಿ. ನಿಲ್ದಾಣದಿಂದ ಬಸ್‌ಸ್ಟ್ಯಾಂಡಿಗೆ ರಿಕ್ಷಾದಲ್ಲಿ ಹೋಗಬೇಕು, ಹೊರಗೆ ಬೇಗ ಬಂದವರಿಗೆ ಮೊದಲು ಸಿಗುತ್ತದೆ.